ಆಟ ನೋಡುವ ಕಣ್ಣು ಯಾರದು?

ಕನ್ನಡದಲ್ಲಿ ಆಟದ ವರದಿ ಇದೆ, ಆಟಗಾರರ ಜೈಕಾರ ಇದೆ, ರನ್ನು ವಿಕೆಟ್ಟುಗಳ ಪಟ್ಟಿ ಇದೆ. ಆಟದ ವಿಮರ್ಶೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಕತೆ, ಕವಿತೆ, ನಾಟಕಗಳನ್ನು ಎದುರಿಗಿಟ್ಟುಕೊಂಡು ಇದು ಯಾರ ಅನುಭವ, ಯಾರ ಭಾಷೆ, ಯಾರ ಪರ ಎಂದು ಕೇಳುವ ನಾವು, ಆಟದ ಮುಂದೆ ಕೂತಾಗ ಆ ಪ್ರಶ್ನೆಗಳನ್ನೆಲ್ಲ ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. 'ಆಟ ಅಂದ್ರ ಆಟ, ಅದ್ರಾಗೇನೈತಿ ವಿಚಾರ ಮಾಡೋದು' ಅಂತ ಗೆಳೆಯರು ನಗ್ತಾರ. ವಿಚಾರ ಮಾಡೋದು ಬಾಳ ಐತಿ. ರಾಯಚೂರು, ದೇವದುರ್ಗ, ಮಾನ್ವಿ ಕಡೆ ಓದಿದವರು, ಓದದವರು, ಹೊಲ ಇದ್ದವರು, ಇಲ್ಲದವರು ಒಂದೇ ಕಡೆ ಮುಖ ಮಾಡಿ ನಿಲ್ಲುವ ಜಾಗಗಳು ಕಡಿಮೆ. ಆಟದ ಮೈದಾನ ಅಂಥದೊಂದು ಜಾಗ. ಅಷ್ಟು ಮಂದಿಯ ಮೈ ಒಮ್ಮೆಲೇ ಜುಮ್ಮೆನ್ನುವುದು ಯಾವುದಕ್ಕೆ, ಯಾಕೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ನೋಡಲೇಬೇಕಾದ ರೋಚಕ ಪಂದ್ಯಗಳ ಪಟ್ಟಿಯನ್ನು ಪತ್ರಿಕೆಗಳೂ ಟಿವಿಯವರೂ ಆಗಾಗ ಕೊಡುತ್ತಾರೆ. ಹತ್ತರಲ್ಲಿ ಎಂಟು ಕ್ರಿಕೆಟ್. ಕೊನೆಯ ಓವರು, ಕೊನೆಯ ಚೆಂಡು, ನಮ್ಮವರ ಗೆಲುವು. ಅದನ್ನು ಹೇಳುವ ಭಾಷೆಯೂ ಗೊತ್ತಿದ್ದದ್ದೇ: ರಣರೋಚಕ, ಸಿಡಿಲಬ್ಬರ, ದಂಡಯಾತ್ರೆ, ಧೂಳೀಪಟ. ಈ ಶಬ್ದಗಳಲ್ಲಿ ಅರಮನೆಯ ವಾಸನೆ ಇನ್ನೂ ಹೋಗಿಲ್ಲ. 'ಎದುರಾಳಿಗೆ ಮಣ್ಣು ಮುಕ್ಕಿಸಿದರು' ಎಂಬ ಮಾತನ್ನೇ ನೋಡಿರಿ. ಮಣ್ಣು ಮುಕ್ಕುವುದು ಸೋತವನಿಗೆ ಆಗುವ ಅವಮಾನವಂತೆ. ಸಂಜೀ ಮುಂದ ಕಬಡ್ಡಿ ಆಡಿ, ಗೆದ್ದರೂ ಸೋತರೂ ಹಲ್ಲಿನ ಸಂದಿಯಲ್ಲಿ ಮಣ್ಣು ಇಟ್ಟುಕೊಂಡೇ ಮನೆಗೆ ಬರುವ ನಮ್ಮ ಹುಡುಗರಿಗೆ ಈ ಮಾತು ಹ್ಯಾಗ ತಿಳೀಬೇಕು? ಆಟದ ಭಾಷೆಯನ್ನು ಕಟ್ಟಿದವರು ಮಣ್ಣನ್ನು ದೂರದಿಂದ ನೋಡಿದವರು. ಹೀಗಾಗಿ ರೋಮಾಂಚನವೂ ಅವರ ಅಳತೆಯದೇ ಆಗಿದೆ.

ನಮ್ಮ ಕಾವ್ಯಮೀಮಾಂಸೆ ಒಬ್ಬ ಸಹೃದಯನನ್ನು ಸೃಷ್ಟಿ ಮಾಡಿತು. ತನ್ನ ಸ್ವಂತ ಸುಖ ದುಃಖಗಳನ್ನು ಬದಿಗಿಟ್ಟು ರಸವನ್ನು ಅನುಭವಿಸುವವನು ಅವನು. ಆಟದ ನೋಡುಗನೂ ಹಾಗೆಯೇ ಇರಬೇಕೆಂದು ಬಯಸುವವರಿದ್ದಾರೆ: 'ಆಟವನ್ನು ಆಟವಾಗಿ ನೋಡಿ ಆನಂದಿಸಿರಿ'. ಆದರೆ ಮೈದಾನದ ಅಂಚಿನಲ್ಲಿ ನಿಂತ ನಮ್ಮ ಮನುಷ್ಯ ಏನನ್ನೂ ಬದಿಗಿಟ್ಟು ಬಂದಿರುವುದಿಲ್ಲ. ಹಸಿವು, ಸಾಲ, ಬೆನ್ನಿನ ನೋವು ಎಲ್ಲವನ್ನೂ ಹೊತ್ತುಕೊಂಡೇ ನಿಂತಿರುತ್ತಾನೆ. ಅವನು ನೋಡುವುದು ಬರೀ ಕಣ್ಣಿನಿಂದಲ್ಲ. ಆದ್ದರಿಂದ ನೋಡುವುದಕ್ಕೆ ರೋಮಾಂಚನ ಕೊಡುವ ಆಟಕ್ಕೆ ನಾನು ಎರಡು ಗುರುತು ಇಟ್ಟುಕೊಂಡಿದ್ದೇನೆ. ಒಂದು, ಬಲಶಾಲಿ ಸೋಲುವ ಬಾಗಿಲು ನಿಜವಾಗಿಯೂ ತೆರೆದಿರಬೇಕು. ಎರಡು, ಆಡುವವನ ಮೈಯ ಕಷ್ಟ ನೋಡುವವನ ಮೈಗೆ ಗೊತ್ತಿರಬೇಕು. ಈ ಎರಡನ್ನು ಹಿಡಿದು ಕೆಲವು ಆಟಗಳನ್ನು ನೋಡೋಣ.

*

ಮೊದಲ ಗುರುತಿಗೆ ಕ್ರಿಕೆಟ್ಟಿನಿಂದಲೇ ಉದಾಹರಣೆ ಕೊಡುತ್ತೇನೆ. ನಾನು ಕ್ರಿಕೆಟ್ಟಿನ ವೈರಿಯಲ್ಲ. 1958-59ರಿಂದ 1972-73ರವರೆಗೆ ಒಂದರ ಹಿಂದೊಂದು 15 ವರ್ಷ ರಣಜಿ ಟ್ರೋಫಿ ಬೊಂಬಾಯಿಯದೇ. ಹದಿನೈದು ವರ್ಷ ಒಬ್ಬರೇ ಗೆಲ್ಲುವ ಆಟ ಆಟವಲ್ಲ, ಆಳ್ವಿಕೆ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್ ಅದನ್ನು ಮುರಿಯಿತು. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ ಒಟ್ಟು 385. ಪ್ರಸನ್ನರ ಚೆಂಡು ಗಾವಸ್ಕರರ ವಿಕೆಟ್ಟನ್ನು 30ಕ್ಕೆ ಉರುಳಿಸಿತು. ನೆಲೆ ನಿಂತು ಆಡುತ್ತಿದ್ದ ವಾಡೇಕರ್ 62ರಲ್ಲಿ ಓಡುವಾಗ ಕಾಲು ಜಾರಿ ರನೌಟಾದರು. ಬೊಂಬಾಯಿ 307ಕ್ಕೆ ಮುಗಿಯಿತು. ಆಮೇಲೆ ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ಇಲ್ಲಿಗೆ ಬಂತು.

ರಾಯಚೂರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ಹೆಸರು ಹೊತ್ತು ಆಡಿದ ಮೊದಲ ರಣಜಿ ಋತುವೇ ಅದು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಆಮೇಲೆ ಮೈಸೂರು ಎಂಬ ಪರವೂರಿನ ಹೆಸರಿನ ಕೆಳಗೆ ಬಾಳಿದ ಜಿಲ್ಲೆಯವರಿಗೆ 'ಕರ್ನಾಟಕ ಗೆದ್ದಿತು' ಎಂಬ ಮಾತಿನಲ್ಲಿ ತಮಗೂ ಒಂದು ಪಾಲು ಸಿಕ್ಕಿತು. ಅದು ರೇಡಿಯೋದ ಕಾಲ. ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ರಾಯಚೂರು ಜಿಲ್ಲೆಗೆ ಬಂದದ್ದೇ 1975ರಲ್ಲಿ. ಕಾಣದ ಆಟವನ್ನು ಕಿವಿಯಿಂದ ನೋಡಿದ ತಲೆಮಾರು ಅದು.

ಗೆದ್ದರೆ ಮಾತ್ರ ರೋಮಾಂಚನ ಎಂಬುದೂ ಸುಳ್ಳು. 2010ರ ಜನವರಿಯಲ್ಲಿ ಮೈಸೂರಿನಲ್ಲಿ ಅದೇ ಮುಂಬೈ ಎದುರು ರಣಜಿ ಫೈನಲ್. ಮೊದಲ ಸರದಿಯಲ್ಲಿ 130ಕ್ಕೆ ಬಿದ್ದ ಕರ್ನಾಟಕ ಎರಡನೆಯ ಸರದಿಯಲ್ಲಿ 338 ಬೆನ್ನಟ್ಟಿತು. ಮನೀಶ್ ಪಾಂಡೆ 144 ಹೊಡೆದರು. 331ಕ್ಕೆ ಎಲ್ಲರೂ ಔಟ್. ಆರೇ ಆರು ರನ್ನಿನ ಸೋಲು. ಅದನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ಬಾಗಿಲು ತೆರೆದಿತ್ತು, ದಾಟಲಾಗಲಿಲ್ಲ. ದಾಟಬಹುದಿತ್ತು ಎಂಬುದಿದೆಯಲ್ಲ, ಮೈ ನಡುಗಿಸುವುದು ಅದು.

*

ಆದರೆ ಬಾಗಿಲು ಅಂದಾಗ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅಂಗಳದೊಳಗೆ ಸೋಲು ಗೆಲುವಿನ ಬಾಗಿಲು ತೆರೆದಿರಬಹುದು. ಅಂಗಳಕ್ಕೆ ಹೋಗುವ ಬಾಗಿಲು ತೆರೆದಿತ್ತೇ?

1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಅವರ ಕತೆಯನ್ನು ನಮ್ಮ ಪ್ರತಿ ಶಾಲೆಯ ಪಾಠದಲ್ಲಿ ಇಡಬೇಕಿತ್ತು. ಚಮ್ಮಾರ ಜಾತಿಯ ಹುಡುಗ. ಪುಣೆಯಲ್ಲಿ ಯುರೋಪಿಯನ್ನರ ಜಿಮ್ಖಾನಾದಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನ ನೋಡಿಕೊಳ್ಳುವ ಕೆಲಸ. ಪಿಚ್ಚಿಗೆ ರೋಲರು ಎಳೆಯುವುದು, ಬಲೆ ಕಟ್ಟುವುದು, ಸಾಹೇಬರು ಅಭ್ಯಾಸಕ್ಕೆ ಬಂದರೆ ತಾಸುಗಟ್ಟಲೆ ಅವರಿಗೆ ಚೆಂಡೆಸೆಯುವುದು. ಹಾಗೆ ಎಸೆದೆಸೆದೇ ಆ ಕಾಲದ ಭಾರತದ ದೊಡ್ಡ ಎಡಗೈ ಸ್ಪಿನ್ನರಾದರು. ಪುಣೆಯ ಹಿಂದೂ ಕ್ಲಬ್ಬಿಗೆ ಅವರ ಬೌಲಿಂಗ್ ಬೇಕಾಯಿತು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಇವರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಇವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಚೆಂಡಿನ ಮೇಲಿನ ಚರ್ಮಕ್ಕೆ ಇಲ್ಲದ ಮೈಲಿಗೆ ಅದನ್ನು ತಿರುಗಿಸಿದ ಬೆರಳಿಗೆ ಅಂಟಿಕೊಂಡಿತ್ತು.

1906ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಲೂ ಆ ತಂಡದ ಮುಖ್ಯ ಬೌಲರು. ಅವರ ತಮ್ಮ ಶಿವರಾಮ್ ಕೂಡ ಆಡಿದ್ದರು. ನನ್ನನ್ನು ಕೇಳಿದರೆ, ಈ ನೆಲದಲ್ಲಿ ನಡೆದ ಪಂದ್ಯಗಳಲ್ಲಿ ಒಂದನ್ನೇ ಕಣ್ಣಾರೆ ನೋಡು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಯಾಕೆಂದರೆ ಅಲ್ಲಿ ಒಂದಲ್ಲ, ಎರಡು ಪಂದ್ಯ ನಡೆಯುತ್ತಿದ್ದವು. ಆಳುವ ಬಿಳಿಯರು ಸೋಲಬಹುದು ಎಂಬುದು ಒಂದು. ಅವರನ್ನು ಸೋಲಿಸುತ್ತಿರುವವನು ತನ್ನ ತಂಡದವರ ಜೊತೆ ಕೂತು ಉಣ್ಣುವುದಕ್ಕೂ ಹೋರಾಡಬೇಕಾಗಿ ಬಂದವನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಾವಿರಾರು ಮಂದಿ ಚಪ್ಪಾಳೆ ಹೊಡೆದರು. ಎರಡನೆಯ ಪಂದ್ಯವನ್ನು ಎಷ್ಟು ಕಣ್ಣು ನೋಡಿದವು? ಎರಡನ್ನೂ ಒಟ್ಟಿಗೆ ನೋಡಬಲ್ಲ ಕಣ್ಣಿಗೆ ಮಾತ್ರ ಆ ಆಟದ ಪೂರ್ತಿ ರೋಮಾಂಚನ ಸಿಗುತ್ತದೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತೇ ಇದು.

ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ತಂಡದ ನಾಯಕತ್ವ ಮಾತ್ರ ಕೈಗೆ ಬರಲಿಲ್ಲ. 1920ರಲ್ಲಿ ತಮ್ಮಂದಿರು ಪ್ರತಿಭಟಿಸಿ ಹಿಂದೆ ಸರಿದ ಮೇಲೆ ಉಪನಾಯಕನ ಸ್ಥಾನ ಕೊಟ್ಟರು. 1923ರಲ್ಲಿ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು, ಗೆದ್ದೂ ಬಂದರು. 1937ರ ಚುನಾವಣೆಯಲ್ಲಿ ಅಂಬೇಡ್ಕರರ ಎದುರು ನಿಂತು ಸೋತವರೂ ಇದೇ ಬಾಲೂ. ಆ ರಾಜಕಾರಣದ ಲೆಕ್ಕ ಬೇರೆ, ಅದನ್ನು ಬೇರೆಯಾಗಿಯೇ ಕೇಳಬೇಕು. ಮೈದಾನದ ಲೆಕ್ಕ ಮಾತ್ರ ಇನ್ನೂ ಬಾಕಿ ಇದೆ. ಇತಿಹಾಸಕಾರ ರಾಮಚಂದ್ರ ಗುಹಾ 2002ರಲ್ಲಿ ಇಂಗ್ಲಿಷಿನಲ್ಲಿ ವಿಸ್ತಾರವಾಗಿ ಬರೆಯುವವರೆಗೆ ಹೆಚ್ಚಿನ ಓದುಗರಿಗೆ ಈ ಹೆಸರೇ ಗೊತ್ತಿರಲಿಲ್ಲ. ಧಾರವಾಡದ ಮಗನನ್ನು ನಮ್ಮ ಆಟದ ಪುಟಗಳು ಎಷ್ಟು ಸಲ ನೆನೆದಿವೆ?

*

ಇನ್ನು ಎರಡನೆಯ ಗುರುತು, ಮೈಗೆ ಗೊತ್ತಿರಬೇಕು ಎಂಬುದು. ಇದಕ್ಕೆ ದೂರ ಹೋಗಬೇಕಾಗಿಲ್ಲ. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಯರೇಗೌಡರನ್ನು ತೆಗೆದುಕೊಳ್ಳಿರಿ. ಕರ್ನಾಟಕಕ್ಕೆ ಆಡಿದರು, ಹೆಚ್ಚಿನ ಕಾಲ ರೈಲ್ವೇಸ್ ತಂಡಕ್ಕೆ ಆಡಿದರು, ಕೊನೆಗೆ ಮತ್ತೆ ಕರ್ನಾಟಕಕ್ಕೆ ಬಂದು ನಾಯಕರಾದರು. ಪ್ರಥಮ ದರ್ಜೆಯಲ್ಲಿ 7 ಸಾವಿರಕ್ಕೂ ಹೆಚ್ಚು ರನ್ನು. ಭಾರತ ತಂಡದ ಟೋಪಿ ಮಾತ್ರ ಸಿಗಲಿಲ್ಲ. ಅವರ ಆಟವನ್ನು ಯಾರೂ ರೋಚಕ ಎಂದು ಕರೆದದ್ದು ನಾನು ಓದಿಲ್ಲ. ಮೇಲಿನ ವಿಕೆಟ್ಟುಗಳು ಬಿದ್ದ ಮೇಲೆ ಬರುವುದು, ನಿಲ್ಲುವುದು, ಬಿಡಬೇಕಾದ ಚೆಂಡನ್ನು ಬಿಡುವುದು, ಮತ್ತೆ ನಿಲ್ಲುವುದು. 2000-01ರ ಫೈನಲ್ಲಿನಲ್ಲಿ ರೈಲ್ವೇಸ್ ಬರೋಡಾಕ್ಕೆ 21 ರನ್ನಿನಿಂದ ಸೋತಿತು. ಮುಂದಿನ ವರ್ಷ ಅದೇ ಬರೋಡಾವನ್ನು ಸೋಲಿಸಿ ಮೊದಲ ಸಲ ರಣಜಿ ಟ್ರೋಫಿ ಎತ್ತಿತು. 2004-05ರಲ್ಲಿ ಮತ್ತೊಮ್ಮೆ. ದೊಡ್ಡ ಶಹರದ ದೊಡ್ಡ ಹೆಸರುಗಳಿಲ್ಲದ, ರೈಲ್ವೆಯಲ್ಲಿ ನೌಕರಿ ಮಾಡುವವರ ತಂಡ ಅದು. ಬೊಂಬಾಯಿಯಿಂದ ಬಂದ ಹಳಿ, ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ಕೂಡಿದ ಊರು ರಾಯಚೂರು. ಆ ಊರಿನವನು ರೈಲ್ವೆಯ ಹುಡುಗರ ಜೊತೆ ನಿಂತು ಟ್ರೋಫಿ ಎತ್ತಿದ್ದು ನಮಗೆ ದೊಡ್ಡ ಸುದ್ದಿಯಾಗಬೇಕಿತ್ತು.

ಟಿವಿಯವರಿಗೆ ಆ ಆಟ ಬೇಸರ. ಆದರೆ ಹತ್ತಿ ಹೊಲದಲ್ಲಿ ಸಾಲು ಹಿಡಿದು ಬೆಳಗಿನಿಂದ ಬೈಗಿನತನಕ ಹತ್ತಿ ಬಿಡಿಸುವ ನಮ್ಮ ಅವ್ವಂದಿರಿಗೆ ಅದನ್ನು ತೋರಿಸಿ ನೋಡಿರಿ. ಬಿಸಿಲಲ್ಲಿ ಒಂದೇ ಕಡೆ ಮನಸ್ಸಿಟ್ಟು, ಕೈ ತಪ್ಪದಂತೆ ತಾಸುಗಟ್ಟಲೆ ನಿಲ್ಲುವುದು ಎಂಥ ಕೆಲಸ ಅಂತ ಅವರ ಸೊಂಟಕ್ಕೆ ಗೊತ್ತು. ಆರು ಹೊಡೆದಾಗ ಮಾತ್ರ ಜುಮ್ಮೆನ್ನುವ ಮೈ ಬೇರೆ. ಒಬ್ಬ ಮನುಷ್ಯ ಬಾಗದೆ ನಿಂತದ್ದನ್ನು ನೋಡಿ ಜುಮ್ಮೆನ್ನುವ ಮೈ ಬೇರೆ.

ಈ ಎರಡನೆಯ ಮೈಯನ್ನು ನೋಡಬೇಕೆಂದರೆ ಕಾರಹುಣ್ಣಿಮೆಗೆ ರಾಯಚೂರಿನ ರಾಜೇಂದ್ರ ಗಂಜಿಗೆ ಬರ್ರಿ. ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಭಾರದ ಕಲ್ಲು ಎಳೆಯುವ ಎತ್ತುಗಳ ಸ್ಪರ್ಧೆ ನಡೆಯುತ್ತದೆ. ಒಂದು ದಿನ ಒಂದೂವರೆ ಟನ್ ಕಲ್ಲು, ಇನ್ನೊಂದು ದಿನ ಎರಡು ಟನ್, ಮತ್ತೊಂದು ದಿನ ಎರಡೂವರೆ ಟನ್. ಕರ್ನಾಟಕದಿಂದ ಮಾತ್ರವಲ್ಲ, ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರುತ್ತವೆ. ಕೊಟ್ಟ ಸಮಯದಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯಿತೋ ಅದು ಗೆದ್ದಂತೆ. ನಮ್ಮ ಹಳ್ಳಿಗಳಲ್ಲಿ ಅದೇ ಹುಣ್ಣಿಮೆಗೆ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಜೋಳದಂಥ ಬಿಳಿ ಬೆಳೆ ಚಲೋ, ಕೆಂದು ಎತ್ತು ಬಂದರೆ ಕೆಂಪು ಬೆಳೆ ಚಲೋ ಎಂಬ ನಂಬಿಕೆ. ನಂಬಿಕೆ ನಿಜವೋ ಸುಳ್ಳೋ, ನೋಡುವವನ ಇಡೀ ವರ್ಷದ ಅನ್ನ ಆ ಓಟದ ಮೇಲೆ ಕೂತಿರುತ್ತದೆ. ಇದಕ್ಕಿಂತ ದೊಡ್ಡ ಪಣ ಇನ್ಯಾವ ಪಂದ್ಯದಾಗೈತಿ?

ಕಲ್ಲು ಅಲುಗುವ ಮುಂಚಿನ ಗಳಿಗೆಯನ್ನು ನೋಡಬೇಕು. ಮಿಣಿ ಬಿಗಿಯುತ್ತದೆ, ನೊಗ ಕಿರುಗುಟ್ಟುತ್ತದೆ, ಗೊರಸು ಮಣ್ಣಲ್ಲಿ ಇಳಿಯುತ್ತದೆ, ಕಲ್ಲು ಮಾತ್ರ ಅಲ್ಲೇ. ಹಲಗೆಯ ಪೆಟ್ಟು ಏರುತ್ತದೆ. ಸುತ್ತ ನಿಂತವರ ಹೆಗಲುಗಳು ತಮಗೆ ಗೊತ್ತಿಲ್ಲದೆ ಮುಂದೆ ಬಾಗುತ್ತವೆ, ಹಲ್ಲು ಕಚ್ಚುತ್ತವೆ, ಉಸಿರು ನಿಲ್ಲುತ್ತದೆ. ಕಲ್ಲು ಒಂದು ಗೇಣು ಸರಿದ ಕೂಡಲೇ ಅಷ್ಟೂ ಉಸಿರು ಒಮ್ಮೆಗೇ ಹೊರಗೆ ಬರುತ್ತದೆ. ಮೂಟೆ ಹೊತ್ತವರು, ಬಂಡಿ ದಬ್ಬಿದವರು, ಕೆಸರಲ್ಲಿ ಸಿಕ್ಕ ಗಾಲಿಗೆ ಹೆಗಲು ಕೊಟ್ಟವರು ಅವರು. ಅವರಿಗೆ ಯಾವ ವೀಕ್ಷಕ ವಿವರಣೆಯೂ ಬೇಕಾಗಿಲ್ಲ.

ಇದನ್ನು ಬರೀ ಹೊಗಳಿ ಬಿಟ್ಟರೆ ನಾನೂ ಜೈಕಾರದವನೇ ಆಗುತ್ತೇನೆ. ಇಂಥ ಪಂದ್ಯಗಳಲ್ಲಿ ಮೈಕಿನಲ್ಲಿ ಕೇಳುವುದು ಎತ್ತಿನ ಮಾಲೀಕರ ಹೆಸರು, ಅವರ ಊರು. ಎತ್ತಿಗೆ ಹುರುಳಿ ಕುದಿಸಿ ಹಾಕಿದವರು, ಮೈ ತೊಳೆದವರು, ಹಲಗೆ ಬಡಿದವರು, ಮಿಣಿ ಹೊಸೆದವರು ಬಹುಮಾನದ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ದೊಡ್ಡಪ್ಪ ಒಬ್ಬ ದೊಡ್ಡ ಹೊಲದವರ ಮನೆಯಲ್ಲಿ ಸಂಬಳಕ್ಕಿದ್ದ. ಅವನು ಸಾಕಿದ ಜೋಡಿ ಒಂದು ಊರ ಪಂದ್ಯದಲ್ಲಿ ಗೆದ್ದಾಗ, 'ನಿನ್ನ ಹೆಸರು ಯಾಕ ಕರೀಲಿಲ್ಲ ದೊಡ್ಡಪ್ಪಾ' ಅಂತ ಕೇಳಿದೆ. 'ಹೆಸರು ಹಾಳಾಗ್ಲಿ ಬಿಡೋ ತಮ್ಮಾ, ಮೊದಲ ಎತ್ತಿಗಿ ನೀರು ಕುಡಿಸಾಕ ಬಿಡ್ರಿ ಅಂತ ಹೇಳು ಅವರಿಗೆ, ಫೋಟೋ ಆಮ್ಯಾಲ ತಗೀಲಿ' ಅಂದ. ಆ ದಿನ ಆಟವನ್ನು ಸರಿಯಾಗಿ ನೋಡಿದವನು ಅವನೊಬ್ಬನೇ ಎಂದು ನನಗೆ ಈಗಲೂ ಅನಿಸುತ್ತದೆ.

ಎತ್ತಿನ ಪ್ರಶ್ನೆಯನ್ನೂ ಬಿಡುವಂತಿಲ್ಲ. ಸುಪ್ರೀಂ ಕೋರ್ಟು 2014ರಲ್ಲಿ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಕರ್ನಾಟಕ 2017ರಲ್ಲಿ ಕಂಬಳಕ್ಕೂ ಎತ್ತಿನ ಓಟಕ್ಕೂ ಕಾಯ್ದೆ ತಿದ್ದಿತು. 2023ರಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾನೂನು ಒಪ್ಪಿತು ಸರಿ. ಆದರೆ ಬಾರುಕೋಲಿನ ಏಟು ಬಿದ್ದಾಗ ಕೇಕೆ ಹಾಕುವ ನಾವು ನಮ್ಮ ಅಜ್ಜಂದಿರ ಬೆನ್ನನ್ನು ಒಮ್ಮೆ ನೆನೆಯಬೇಕು. ಏಟಿನಿಂದ ಬರುವ ರೋಮಾಂಚನ ನಮಗೆ ಬೇಡ. ಬಡಿಯದೆ, ಹೆಸರು ಹಿಡಿದು ಕೂಗಿಯೇ ಕಲ್ಲು ಎಳೆಸುವವರು ಇದ್ದಾರೆ. ನಿಜವಾದ ಪಂದ್ಯ ಅವರದು.

ಹೆಸರಿನ ಮಾತು ಬಂತು. ಕರಾವಳಿಯ ಶ್ರೀನಿವಾಸ ಗೌಡರು 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಕಟ್ಟಡ ಕೆಲಸ ಮಾಡುವ ಮನುಷ್ಯ. ದೇಶವೆಲ್ಲ ತಿರುಗಿ ನೋಡಿತು. ಯಾಕೆ? ಯಾರೋ 100 ಮೀಟರಿಗೆ ಲೆಕ್ಕ ಹಾಕಿ ಉಸೇನ್ ಬೋಲ್ಟರ 9.58ಕ್ಕೆ ಹೋಲಿಸಿದರು ಅಂತ. ಜಮೈಕಾದ ಗಡಿಯಾರ ಹಿಡಿದು ನೋಡಿದ ಮೇಲೆಯೇ ನಮ್ಮ ಕೆಸರಿನ ಮನುಷ್ಯ ನಮಗೆ ಕಾಣಿಸಿದ. ಅವರಾದರೋ ಈ ಗೆಲುವು ಕೋಣಗಳದ್ದೂ ಹೌದು ಎಂದರು. ದಿಲ್ಲಿಯವರು ಕರೆದ ಓಟದ ಪರೀಕ್ಷೆಗೆ ಹೋಗಲಿಲ್ಲ. ತನ್ನ ಆಟದ ಅಳತೆ ತನ್ನ ಆಟದೊಳಗೇ ಇದೆ ಎಂಬ ತಿಳಿವು ಅದು.

*

ಕೊನೆಗೆ ಶಾಲೆಯ ಅಂಗಳಕ್ಕೆ ಬರೋಣ, ಯಾಕೆಂದರೆ ಈ ಪತ್ರಿಕೆ ಓದುವ ಬಹಳ ಮೇಷ್ಟ್ರುಗಳು ಅಲ್ಲಿಯೇ ಇದ್ದಾರೆ. ಬ್ಯಾಟು ಬೇಡ, ಚೆಂಡು ಬೇಡ, ಎರಡು ಕಂಬ ಸಾಕು, ಖೋಖೋ ಶುರು. ಹೆಣ್ಣುಮಕ್ಕಳು ಹುಡುಗರಿಗಿಂತ ಚೆನ್ನಾಗಿ ಆಡುವ ಆಟ. ಏಳನೆಯ ಎಂಟನೆಯ ಇಯತ್ತೆಗೆ ಬರುತ್ತಲೇ ಮನೆಯವರು ಬಿಡಿಸುವ ಆಟವೂ ಅದೇ.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋಖೋದ ಮೊದಲ ವಿಶ್ವಕಪ್ ನಡೆಯಿತು. ಫೈನಲ್ಲಿನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು, ಗಂಡುಮಕ್ಕಳು 54-36ರಿಂದ. ಹೆಣ್ಣುಮಕ್ಕಳ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ರೈತರ ಮಗಳು ಬಿ. ಚೈತ್ರಾ ಇದ್ದರು. ಕೊನೆಯ ಸರದಿಗೆ ಬರುವ ಹೊತ್ತಿಗೆ ಗೆಲುವು ಹೆಚ್ಚು ಕಡಿಮೆ ಖಾತ್ರಿಯಾಗಿತ್ತು. ಆದರೂ ಅವರಿದ್ದ ಗುಂಪು ಐದು ನಿಮಿಷಕ್ಕೂ ಮೀರಿ ಸಿಕ್ಕದೆ ಓಡಿತು. ಬಗ್ಗಿ, ಹೊರಳಿ, ಕಂಬ ಸುತ್ತಿ, ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಇಲ್ಲ. ಫಲಿತಾಂಶ ಗೊತ್ತಿದ್ದೂ ಉಸಿರು ಹಿಡಿದು ನೋಡುವ ಆಟ ಅದು. ಹಿಡಿಯಲು ಬರುವ ಕೈಗಳಿಂದ ತಪ್ಪಿಸಿಕೊಳ್ಳುತ್ತಲೇ ಬೆಳೆದ ಹೆಣ್ಣುಮಕ್ಕಳಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಮೇಲೆ ಹೇಳಿದ ಎರಡನೆಯ ಗುರುತು ಇಲ್ಲಿ ಪೂರ್ತಿಯಾಗಿ ಕಾಣುತ್ತದೆ.

ಆಮೇಲೆ ಏನಾಯಿತು? ಕರ್ನಾಟಕ ಸರಕಾರ ಚೈತ್ರಾ ಅವರಿಗೂ ಗಂಡುಮಕ್ಕಳ ತಂಡದಲ್ಲಿದ್ದ ಎಂ.ಕೆ. ಗೌತಮ್ ಅವರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿಯ ಜೊತೆ ನೌಕರಿ ಹೇಳಿತ್ತು. ಇಬ್ಬರೂ ಆ 5 ಲಕ್ಷವನ್ನು ಒಲ್ಲೆವು ಎಂದರು. ಬಡವರ ಮಕ್ಕಳು ಬಂದ ರೊಕ್ಕಕ್ಕೆ ಬ್ಯಾಡ ಅನ್ನುವುದು ಸಣ್ಣ ಮಾತಲ್ಲ. ಬಾಲೂ ತಮ್ಮಂದಿರು 1920ರಲ್ಲಿ ಹಿಂದೆ ಸರಿದು ನಿಂತಂತೆ ಇವರೂ ನಿಂತರು. ವಿಶ್ವಕಪ್ಪಿನ ಓಟಕ್ಕೆ ಚಪ್ಪಾಳೆ ಹೊಡೆದ ಪತ್ರಿಕೆಗಳು ಈ ನಿಲುವಿಗೂ ಅಷ್ಟೇ ದೊಡ್ಡ ಅಕ್ಷರದ ತಲೆಬರಹ ಕೊಡಬೇಕಿತ್ತು.

ಆದ್ದರಿಂದ ಗೆಳೆಯರೇ, ರೋಚಕ ಪಂದ್ಯಗಳ ಪಟ್ಟಿ ಮಾಡುವ ಕೆಲಸವನ್ನು ಟಿವಿಯವರಿಗೆ ಬಿಟ್ಟು ಕೂಡುವುದು ಬೇಡ. ಕ್ರಿಕೆಟ್ ನೋಡುವುದು ಬಿಡಿರಿ ಎಂದು ನಾನು ಹೇಳುತ್ತಿಲ್ಲ. ನೋಡಿರಿ, ಆದರೆ ಪಿಚ್ಚಿಗೆ ರೋಲರು ಎಳೆದವನನ್ನೂ ಸೇರಿಸಿ ನೋಡಿರಿ. ದೇವದುರ್ಗದಲ್ಲಿಯೋ ಮಾನ್ವಿಯಲ್ಲಿಯೋ ಹೋಬಳಿ ಮಟ್ಟದ ಆಟಗಳಾದರೆ, ಉದ್ಘಾಟನೆಗೆ ಬಂದವರ ಹೆಸರು ಬರೆದು ಮುಗಿಸಬೇಡಿರಿ. ಓಡಿದ ಹುಡುಗಿಯ ಹೆಸರು, ಸೋತ ತಂಡದ ಹೆಸರು, ಬರಿಗಾಲಲ್ಲಿ ಆಡಿದವರು ಎಷ್ಟು ಮಂದಿ, ಮುಂದಿನ ವರ್ಷ ಅವರಲ್ಲಿ ಎಷ್ಟು ಮಂದಿ ಶಾಲೆಯಲ್ಲಿ ಉಳಿದರು ಎಂಬುದನ್ನು ಬರೆದಿಡಿರಿ. ಈ ಪತ್ರಿಕೆಗೆ ಕಳಿಸಿರಿ. ಆಟದ ವಿಮರ್ಶೆ ಶುರುವಾಗುವುದು ಅಲ್ಲಿಂದ. ಬರುವ ಕಾರಹುಣ್ಣಿಮೆಗೆ ರಾಜೇಂದ್ರ ಗಂಜಿನ ಮೈಕಿನವರಲ್ಲಿಯೂ ಒಂದು ಮಾತು: ಮಾಲೀಕರ ಹೆಸರಿನ ಜೊತೆ ಎತ್ತು ಸಾಕಿದವನ ಹೆಸರನ್ನೂ ಕೂಗ್ರಿ. ಆ ಹೆಸರು ಕೇಳಿ ಗುಂಪಿನಲ್ಲಿ ಯಾರ ಮೈ ಜುಮ್ಮೆನ್ನುತ್ತದೆ, ಯಾರ ಮುಖ ಗಂಟಾಗುತ್ತದೆ, ನಾವು ಅಲ್ಲೇ ನಿಂತು ನೋಡ್ತೀವಿ.